ಫ್ರೀ ಪಾಸಿನ ಸಮುದ್ರ

ಗುರುಬಾಯಿ ಹುಣಸೆಹಣ್ಣು ಹಚ್ಚಿ ತಾಮ್ರದ ಹಂಡೆಯನ್ನು ತಿಕ್ಕುತ್ತಿದ್ದಳು. ಬಾಯಿಯ ಅಂಚು ಆಗಲೇ ಕೆಂಪಗೆ ಹೊಳೆಯುತ್ತಿತ್ತು. ತಳದ ಮಸಿ ಮಾತ್ರ ಬಿಡಲೊಲ್ಲದು. ಒಲೆಯಿಂದ ಒಂದು ಹಿಡಿ ಬೂದಿ ತೆಗೆದುಕೊಂಡು ಮತ್ತೆ ತಿಕ್ಕತೊಡಗಿದಳು.

“ಬಿಡ್ರಿ ಗುರುಬಾಯಕ್ಕ. ಇವತ್ತ ಹಂಡೆದ ತಳಾ ಯಾರು ನೋಡ್ತಾರ?” ಎಂದು ಪಕ್ಕದ ಮನೆಯ ವಜೀರುನ್ನಿಸಾ ಅವಳ ಮುಂಗೈ ಹಿಡಿದಳು.

“ಅವರ ಜಳಕದ ನೀರು ಕಾಸಬೇಕವಾ. ಮಸಿ ಹಂಡ್ಯಾಗ ಕಾಸಿದ್ರ ಅವರು ಸುಮ್ನ ಇರ್ತಾರೇನು?”

“ಇವತ್ತ ಸುಮ್ನ ಇರ್ತಾರ್ರಿ,” ಎಂದುಬಿಟ್ಟಳು ವಜೀರುನ್ನಿಸಾ. ಅಂದ ಮೇಲೆ ತಾನೇ ನಾಲಿಗೆ ಕಚ್ಚಿಕೊಂಡು, ಗುರುಬಾಯಿಯ ಕೈಯಿಂದ ಹುಣಸೆಹಣ್ಣು ಕಸಿದು ತಾನೇ ತಿಕ್ಕಲು ಕುಳಿತಳು.

ಪಡಸಾಲೆಯಲ್ಲಿ ಚಂದ್ರಾಮಪ್ಪನನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಜೇವರ್ಗಿ ಡಿಪೋದಲ್ಲಿ ಕಂಡಕ್ಟರಾಗಿ ನಿವೃತ್ತನಾದವನು. ನಸುಕಿನಲ್ಲಿ ಎದ್ದು, ಚಹಾ ಇಡು ಎಂದು ಹೇಳಿ, ಚಹಾ ಬರುವುದರೊಳಗೆ ಹೋಗಿಬಿಟ್ಟಿದ್ದ. ಲಿಂಗಾಯತರ ಹೆಣ ಮಲಗುವುದಿಲ್ಲ, ಕೂತೇ ಮಣ್ಣಿಗೆ ಹೋಗಬೇಕು. ಹಣೆಗೆ ಬಿಳಿ ಬಟ್ಟೆ ಕಟ್ಟಿ ಗೋಡೆಯ ಗೂಟಕ್ಕೆ ಬಿಗಿದಿದ್ದರಿಂದ ತಲೆ ನೆಟ್ಟಗಿತ್ತು. ಬಂದವರು ಪಾದ ಮುಟ್ಟಿ, ಹೂವಿನ ಹಾರ ಹಾಕಿ, ಗೋಡೆಗುಂಟ ಕೂಡುತ್ತಿದ್ದರು. ಹಾರಗಳ ನಡುವೆ ಎದೆಯ ಮೇಲೆ ಅವನ ಬೆಳ್ಳಿಯ ಕರಡಿಗೆ ಇಣುಕುತ್ತಿತ್ತು.

ಗುರುಬಾಯಿಯ ಕಣ್ಣು ಹಿತ್ತಲ ಬಾಗಿಲಿನಿಂದ ಗಂಡನ ಮುಖಕ್ಕಿಂತ ಹೆಚ್ಚಾಗಿ ಆ ಕರಡಿಗೆಯ ಮೇಲೇ ಇತ್ತು.

ಜಳಕವಾದ ಮೇಲೆ ಮಠದ ಅಯ್ಯನವರು ಅದನ್ನು ಬಿಚ್ಚುತ್ತಾರೆ. ಒಳಗಿನ ಇಷ್ಟಲಿಂಗವನ್ನು ತೆಗೆದು ಎಡ ಅಂಗೈಯ ಮೇಲೆ ಇಟ್ಟು, ಎಲ್ಲರೆದುರು ಪೂಜೆ ಮಾಡಿ, ಅದರ ಸಮೇತ ಮಣ್ಣು ಮಾಡುತ್ತಾರೆ. ಇದು ಅಲ್ಲಿ ಕೂತ ಸಣ್ಣ ಮಕ್ಕಳಿಗೂ ಗೊತ್ತಿದ್ದ ಸಂಗತಿ. ಆದರೆ ಇಪ್ಪತ್ತು ವರ್ಷಗಳಿಂದ ಆ ಕರಡಿಗೆಯನ್ನು ಚಂದ್ರಾಮಪ್ಪನ ಹೊರತು ಮತ್ತಾರೂ ಬಿಚ್ಚಿರಲಿಲ್ಲ. ಅದರೊಳಗೆ ಲಿಂಗದ ಸಂಗಡ ಮತ್ತೊಂದು ಏನೋ ಇದೆ, ಅದು ಒಬ್ಬ ಹೆಂಗಸಿಗೆ ಸೇರಿದ್ದು ಎಂದು ಗುರುಬಾಯಿಯ ಹೊಟ್ಟೆಯಲ್ಲಿ ಒಂದು ಮುಳ್ಳು ಕೂತಿತ್ತು. ಇಷ್ಟು ವರ್ಷ ಒಬ್ಬಳೇ ನುಂಗಿಕೊಂಡಿದ್ದಳು. ಇವತ್ತು ಅದು ಗಂಡನ ಬಳಗದ ಕಣ್ಣೆದುರಿಗೆ ಹೊರಗೆ ಬೀಳುತ್ತದೆ.

ಬಾಗಿಲಲ್ಲಿ ಅಳು ಕೇಳಿಸಿತು. ಚಂದ್ರಾಮಪ್ಪನ ತಂಗಿ ವಿದ್ಯಾವತಿ ಕರಜಗಿಯಿಂದ ಬಂದಿಳಿದಿದ್ದಳು. ಅಣ್ಣನ ಪಾದದ ಮೇಲೆ ಬಿದ್ದು ಅತ್ತಳು, ಎದ್ದಳು, ಮೂಗು ಒರೆಸಿಕೊಂಡಳು, ಹಿತ್ತಲಿಗೆ ಬಂದು ಅತ್ತಿಗೆಯ ಪಕ್ಕದಲ್ಲಿ ಕೂತಳು.

“ಈ ವರ್ಷದ ಸಮುದ್ರ ಆಗಿತ್ತೇನ್ ವೈನಿ?”

“ಆಗಿತ್ತವಾ. ಬ್ಯಾಸಿಗ್ಯಾಗ ಹೋಗಿ ಬಂದ್ವಿ.”

“ಮಂದಿ ಶ್ರೀಶೈಲಕ್ಕ ಹೋಗ್ತಾರ, ಉಳವಿಗೆ ಹೋಗ್ತಾರ. ನಮ್ಮಣ್ಣ ಮಾತ್ರ ವರ್ಷಾ ಅದೇ ಮೀನಿನ ಊರಿಗೆ.” ಅವಳು ದನಿ ತಗ್ಗಿಸಿದಳು. ತಗ್ಗಿಸಿದರೂ ಗೋಡೆಗುಂಟ ಕೂತವರಿಗೆಲ್ಲ ಕೇಳುವಷ್ಟಿತ್ತು. “ಅಲ್ಲೊಬ್ಬಾಕಿ ಇದ್ದಾಳಂತಲ್ಲ. ಆಕಿಗೆ ಸುದ್ದಿ ಮುಟ್ಟಿಸೀರಿಲ್ಲೋ?”

“ಯಾರಿಗೆ?”

“ನನಗೇನ್ ಗೊತ್ತವಾ. ನೀವು ಕಂಡವರು.”

ವಜೀರುನ್ನಿಸಾ ಹಂಡೆಯನ್ನು ಬೇಕೆಂದೇ ಸದ್ದಾಗುವ ಹಾಗೆ ಒಲೆಯ ಮೇಲೆ ಕುಕ್ಕಿದಳು. “ವಿದ್ಯಾವತಿ ಬಾಯಿಯವರ, ಕರಜಗಿಯಿಂದ ಬಸ್ಸಿನ್ಯಾಗ ಕುಂತು ಬಂದು ಕಾಲು ಹಿಡದಾವೇನೋ. ಒಂದ ನಾಕ ಕಟ್ಟಿಗಿ ತರ್ರಿ, ಸಡಲ ಆಗ್ತಾವ,” ಎಂದಳು.

*

ಮೊದಲನೆಯ ಸಲ ಹೋದಾಗ ಗುರುಬಾಯಿಗೆ ಸಮುದ್ರವೆಂದರೆ ಏನು ಎಂಬುದೇ ಗೊತ್ತಿರಲಿಲ್ಲ. ನೌಕರರಿಗೆ ಹೆಂಡತಿಯ ಸಮೇತ ತಿರುಗಾಡಲು ವರ್ಷಕ್ಕೊಮ್ಮೆ ಫ್ರೀ ಪಾಸು ಸಿಗುತ್ತಿತ್ತು. ಮಕ್ಕಳು ಆಗಲಿಲ್ಲವೆಂದು ಅದುವರೆಗೆ ಆ ಪಾಸು ದೇವರಿಂದ ದೇವರಿಗೆ ಓಡಾಡಿ ಸವೆದಿತ್ತು. ಆ ವರ್ಷ ಚಂದ್ರಾಮಪ್ಪ, “ಈ ಸಲ ಯಾವ ದೇವರಿಗೂ ಏನೂ ಕೇಳೂದು ಬ್ಯಾಡ. ಸುಮ್ನ ಸಮುದ್ರ ನೋಡಿ ಬರೋಣು,” ಎಂದ.

ಇಜೇರಿಯಲ್ಲಿದ್ದ ಅವನ ಅಣ್ಣ ವಿಶ್ವಾರಾಧ್ಯನಿಗೆ ಇದು ತಿಳಿಯಿತು. “ನೀರ ನೋಡಾಕ ಅಲ್ಲೀತನ ಯಾಕ ಹೋಗ್ತಿಯೋ? ಇಲ್ಲಿ ಭೀಮಾ ಹೊಳಿ ಬತ್ತ್ಯಾದೇನು?” ಎಂದು ನಕ್ಕ.

ಗುರುಬಾಯಿ ಕಟಕ ರೊಟ್ಟಿ ಬಡಿದಳು, ಶೇಂಗಾ ಹಿಂಡಿ ಕುಟ್ಟಿದಳು. ವಿಜಯಪುರಕ್ಕೆ ಒಂದು ಬಸ್ಸು, ಹುಬ್ಬಳ್ಳಿಗೆ ಒಂದು, ಅಲ್ಲಿಂದ ಕಾರವಾರದ ಗಾಡಿ. ಚಂದ್ರಾಮಪ್ಪ ಅವಳಿಗೆ ಕಿಟಕಿ ಬಿಟ್ಟುಕೊಟ್ಟು ತಾನು ಅತ್ತ ಕೂತಿದ್ದ. ಕೂತಿದ್ದ ಎನ್ನುವುದಕ್ಕಿಲ್ಲ. ಪ್ರತಿ ಸ್ಟಾಪಿನಲ್ಲೂ ಎದ್ದು, ಮುದುಕಿಯರ ಗಂಟು ಇಳಿಸಿ, ಬಾಗಿಲು ಬಡಿದು ಹಾಕಿ ಬರುತ್ತಿದ್ದ.

“ರಜಾದಾಗರ ಸುಮ್ನ ಕೂಡ್ರಿ. ಅವರ ಗಾಡಿಗೆ ಅವರ ಕಂಡಕ್ಟರ್ ಇದ್ದಾನ,” ಎಂದಳು ಗುರುಬಾಯಿ.

“ಇದ್ದಾನ. ಆದರ ಅವಗ ಬಾಗಿಲಾ ಹಾಕಾಕ ಬರಂಗಿಲ್ಲ ನೋಡು,” ಎಂದ ಅವನು. ಘಟ್ಟ ಇಳಿಯುವಾಗ ಅವಳು ವಾಂತಿ ಮಾಡಿಕೊಂಡಳು. ಅವನು ಲಿಂಬೆಹಣ್ಣು ಹಿಂಡಿ ಮೂಗಿಗೆ ಹಿಡಿದು, ಇನ್ನೆಷ್ಟು ತಿರುವು ಉಳಿದಿವೆಯೆಂದು ಆ ಬಸ್ಸಿನ ಕಂಡಕ್ಟರನನ್ನು ಕೇಳಿ ಕೇಳಿ ಅವಳಿಗೆ ಹೇಳಿದ.

ಅಂಕೋಲೆ ದಾಟಿ ಒಂದು ಸಣ್ಣ ಊರು. ರಸ್ತೆಯ ಮೇಲೆಯೇ ಜಸ್ಮೀನ ಎಂಬಾಕೆಯ ಮನೆ. ಗಂಡ ತೀರಿದ ಮೇಲೆ ಎರಡು ಕೋಣೆಗಳನ್ನು ಬಂದವರಿಗೆ ಬಾಡಿಗೆಗೆ ಕೊಡುತ್ತಿದ್ದಳು. ದಪ್ಪ ಹೆಂಗಸು, ಕುತ್ತಿಗೆಯಲ್ಲಿ ಶಿಲುಬೆ, ನಕ್ಕರೆ ಇಡೀ ಮೈ ನಗುತ್ತಿತ್ತು. ಇವರು ಲಿಂಗಾಯತರು, ಮೀನು ಮುಟ್ಟಿದ ಪಾತ್ರೆಯಲ್ಲಿ ಉಣ್ಣುವುದಿಲ್ಲ ಎಂದು ತಿಳಿದು, ಸಂತೆಗೆ ಹೋಗಿ ಹೊಸ ಗಡಿಗೆ ತಂದು ಅನ್ನ ಬೇಯಿಸಿ ಹಾಕಿದಳು. ಗುರುಬಾಯಿಗೆ ಮೊದಲು ಅದೇ ಸಂಶಯ. ಎಲ್ಲಿಯ ಯಾರಿಗೋ ಇಷ್ಟು ಮಾಡುತ್ತಾಳೆಂದರೆ ಯಾತಕ್ಕೆ?

ಎರಡನೆಯ ದಿನ ಮುಂಜಾನೆ ಚಂದ್ರಾಮಪ್ಪ ಸಮುದ್ರಸ್ನಾನಕ್ಕೆ ಹೋದ. ಬರುವಾಗ ಬಿಸಿಲೇರಿತ್ತು. ಮೈಯೆಲ್ಲ ಮರಳು, ಮುಖ ಬಿಳಿಚಿಕೊಂಡಿತ್ತು. “ಏನಾತ್ರಿ?” ಎಂದು ಕೇಳಿದರೆ, “ಅಲಿ ಹೊಡೀತು,” ಎಂದನಷ್ಟೇ. ಆ ಸಂಜೆ ಅವನು ಮತ್ತೆ ದಂಡೆಗೆ ಹೋದ. ಅವಳನ್ನು ಕರೆಯಲಿಲ್ಲ. ಕಿಟಕಿಯಿಂದ ನೋಡಿದರೆ ಜಸ್ಮೀನ ಅವನ ಪಕ್ಕದಲ್ಲಿ ನಿಂತು ಕೈ ಮಾಡಿ ಏನೋ ಹೇಳುತ್ತಿದ್ದಳು. ಅವನು ಎಳೆಯ ಹುಡುಗನ ಹಾಗೆ ಗೋಣು ಹಾಕುತ್ತಿದ್ದ.

ಅದುವರೆಗೆ ಅವನ ಲಿಂಗಪೂಜೆಗೆ ಗುರುಬಾಯಿಯೇ ನೀರೆರೆಯುತ್ತಿದ್ದಳು. ಅವನ ಅಂಗೈಯಲ್ಲಿ ಲಿಂಗ, ಅವಳ ಕೈಯಲ್ಲಿ ತಂಬಿಗೆ. ಊರಿಗೆ ಮರಳಿದ ಮೊದಲ ಮುಂಜಾನೆ ಅವಳು ತಂಬಿಗೆ ಹಿಡಿದು ಬಂದರೆ, ಅವನು ಅದನ್ನು ಇಸಿದುಕೊಂಡು, “ಇನ್ನ ಮ್ಯಾಲ ನಾನೇ ಮಾಡ್ಕೋತೇನಿ,” ಎಂದ. ಗೋಡೆಯ ಕಡೆ ಮುಖ ಮಾಡಿ, ತಲೆಯ ಮೇಲೆ ಟವೆಲು ಹೊದ್ದು ಕೂತ.

ಮರುವರ್ಷ ಬೇಸಿಗೆ ಬಂತು, ಪಾಸು ಬಂತು. “ಎಲ್ಲಿಗೆ?” ಎಂದು ಕೇಳುವ ಮೊದಲೇ, “ಅಲ್ಲಿಗೇ ಹೋಗೋಣು,” ಎಂದ. ಆಮೇಲೆ ಪ್ರತಿವರ್ಷವೂ ಅಲ್ಲಿಗೇ.

ನೀರು ಹಿಂದೆ ಸರಿದ ಹೊತ್ತಿಗೆ ಅವನು ದಂಡೆಯಲ್ಲಿ ಇರುತ್ತಿದ್ದ. ಒಂದು ವರ್ಷ ಗುರುಬಾಯಿ ಗಾಳಿಮರದ ಹಿಂದೆ ನಿಂತು ಕಣ್ಣಾರೆ ನೋಡಿದಳು. ಅವರಿಬ್ಬರೂ ಮರಳಿನ ಮೇಲೆ ಕೂತಿದ್ದರು. ನಡುವೆ ಒಂದು ಬಿಸ್ಕೀಟಿನ ಡಬ್ಬಿ. ಆಕೆ ಡಬ್ಬಿಯಿಂದ ಏನೋ ತೆಗೆದು ಇವನ ಅಂಗೈಗೆ ಇಡುತ್ತಿದ್ದಳು. ಇವನು ಬೆಳಕಿಗೆ ಹಿಡಿದು ನೋಡುತ್ತಿದ್ದ. ತಲೆಗೆ ತಲೆ ತಾಗುವಷ್ಟು ಹತ್ತಿರ.

ಗುರುಬಾಯಿ ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ಚಾದರದ ಗಂಟು ಕಟ್ಟಿದಳು. ಅವನು ಬಂದು, “ಯಾಕ, ಊರಿಗೆ ಹೊಂಟೀಯೇನು?” ಎಂದು ನಕ್ಕಾಗ ಗಂಟು ಬಿಚ್ಚಿದಳು. ಕೇಳಲಿಲ್ಲ. ಕೇಳಿದರೆ ಹೌದೆಂದುಬಿಟ್ಟರೆ?

*

ಇಜೇರಿಯಿಂದ ಬಂದ ವಿಶ್ವಾರಾಧ್ಯ ಕುರ್ಚಿ ಹಾಕಿಸಿಕೊಂಡು ಹೆಣದ ಪಕ್ಕದಲ್ಲೇ ಕೂತಿದ್ದ. ಕುಣಿ ತೋಡುವುದು ಎಷ್ಟಾಯಿತು, ಬಿಲ್ವಪತ್ರಿ ಬಂತೋ ಇಲ್ಲವೋ, ಉಪ್ಪು ಎಷ್ಟು ಚೀಲ ತಂದಿರಿ ಎಂದು ಬಂದವರನ್ನೆಲ್ಲ ಕೇಳುತ್ತಿದ್ದ. ಚಂದ್ರಾಮಪ್ಪನ ಸಂಗಾತಿ ಕಂಡಕ್ಟರ್ ಮಲ್ಕಪ್ಪ ಖಾಕಿ ಅಂಗಿಯಲ್ಲೇ ಓಡಾಡಿ ಎಲ್ಲವನ್ನೂ ಹೊಂದಿಸುತ್ತಿದ್ದ.

“ಡ್ಯೂಟಿ ಇಲ್ಲೇನೋ ಮಲ್ಕಪ್ಪ?”

“ಸಂಜಿಗಿ ಹುಬ್ಬಳ್ಳಿ ಗಾಡಿ ಅದರಿ. ಅಲ್ಲೀತನ ಈ ಗಾಡಿ ನಂದೇ,” ಎಂದು ಮಲ್ಕಪ್ಪ ಕೂತಿದ್ದ ಗೆಳೆಯನ ಕಡೆ ನೋಡಿ ಕಣ್ಣೊರೆಸಿಕೊಂಡ.

ಗುರುಬಾಯಿ ನೀರು ಕಾಯುವವರೆಗೆ ತಾಳಲಾರದೆ ಒಳಗೆ ಬಂದಳು. ಹಾರ ಸರಿಪಡಿಸುವವಳ ಹಾಗೆ ಗಂಡನ ಮುಂದೆ ಕೂತು, ಸೆರಗು ಅಡ್ಡ ಮಾಡಿ, ಮೆಲ್ಲಗೆ ಕರಡಿಗೆಯ ಮೇಲೆ ಕೈ ಇಟ್ಟಳು. ಬೆಳ್ಳಿ ತಣ್ಣಗಿತ್ತು. ಹೆಬ್ಬೆರಳಿನಿಂದ ಮುಚ್ಚಳ ಎತ್ತಬೇಕು, ಒಳಗಿದ್ದದ್ದನ್ನು ಮುಷ್ಟಿಯಲ್ಲಿ ಹಿಡಿದು ಏಳಬೇಕು. ಅಷ್ಟೇ.

“ಗುರುಬಾಯಿ.” ವಿಶ್ವಾರಾಧ್ಯ ಕೆಮ್ಮಿದ. “ಅದಕ್ಕ ಕೈ ಹಚ್ಚಬ್ಯಾಡ. ಅಯ್ಯಾರು ಬರಲಿ.”

“ಹಾರ ಸಿಗಿಬಿದ್ದಿತ್ರಿ ಭಾವಾರ.”

“ಸಿಗಿಬೀಳಲಿ. ಬಾಳ ಹೊತ್ತಿನಿಂದ ನೋಡಾಕತ್ತೇನಿ, ನಿನ್ನ ಕಣ್ಣು ಅಲ್ಲೇ ಅದ.”

ಗೋಡೆಗುಂಟ ಕೂತವರು ಇತ್ತ ತಿರುಗಿದರು. ವಿದ್ಯಾವತಿ ಪಕ್ಕದವಳ ಕಿವಿಗೆ ಬಾಗಿದಳು. ಗುರುಬಾಯಿ ಕೈ ತೆಗೆದು ಹಿತ್ತಲಿಗೆ ನಡೆದಳು.

*

ಓಣಿಯ ಶಾಲೆಯಲ್ಲಿ ದೊಡ್ಡವರಿಗೆ ರಾತ್ರಿ ಅಕ್ಷರ ಕಲಿಸತೊಡಗಿದಾಗ ಎಲ್ಲರಿಗಿಂತ ಮೊದಲು ಹೆಸರು ಬರೆಸಿದವಳು ಗುರುಬಾಯಿ. ಚಂದ್ರಾಮಪ್ಪನಿಗೆ ಹಿಗ್ಗೋ ಹಿಗ್ಗು. ಬ್ಯಾಟರಿ ಹಿಡಿದು ಶಾಲೆಯ ತನಕ ಬಿಟ್ಟು ಬರುತ್ತಿದ್ದ. “ಕಲತೆಂದ್ರ ಬಸ್ಸಿನ ಬೋರ್ಡ ನೀನೇ ಓದ್ತಿ,” ಎನ್ನುತ್ತಿದ್ದ.

ಅವಳು ಬಸ್ಸಿನ ಬೋರ್ಡಿಗಾಗಿ ಕಲಿಯಲಿಲ್ಲ. ಜಸ್ಮೀನಳಿಗೆ ಒಂದು ಕಾಗದ ಬರೆಯಬೇಕಿತ್ತು. ಬೇರೆಯವರ ಕೈಯಿಂದ ಬರೆಸುವ ಕಾಗದ ಅದಾಗಿರಲಿಲ್ಲ.

ಕಲಿತ ವರ್ಷವೇ ಆಕೆಯ ಮನೆಯ ಮುಂದಿನ ಹಲಗೆಯಿಂದ ವಿಳಾಸ ಓದಿಕೊಂಡು ಬಂದಳು. ಅಂಚೆ ಲಕೋಟೆ ಕೊಂಡು ಅದರ ಮೇಲೆ ದುಂಡಗೆ ಬರೆದಳು. ಆಮೇಲೆ ಹಾಳೆ ತೆಗೆದುಕೊಂಡು ‘ಜಸ್ಮೀನಬಾಯಿಗೆ’ ಎಂದು ಬರೆದು ಕೂತಳು. ನನ್ನ ಗಂಡನಿಗೆ ನೀನು ಏನು ಕೊಡುತ್ತೀ, ಅವನು ಕರಡಿಗೆಯಲ್ಲಿ ಏನು ಮುಚ್ಚಿಟ್ಟಿದ್ದಾನೆ ಎಂದು ಬರೆದಳು. ಹರಿದಳು. ಬೈದು ಬರೆದಳು, ಅದನ್ನೂ ಹರಿದಳು. ಆಕೆ ಹೊಸ ಗಡಿಗೆಯಲ್ಲಿ ಬೇಯಿಸಿ ಬಡಿಸಿದ ಅನ್ನ ಅಡ್ಡ ಬರುತ್ತಿತ್ತು. ಉಂಡ ಬಾಯಿಂದ ಬೈಯಬಹುದೇನೋ, ಉಂಡ ಕೈಯಿಂದ ಬರೆಯುವುದು ಬಲು ಕಷ್ಟ. ವಿಳಾಸ ಬರೆದ ಬರಿಯ ಲಕೋಟೆ ಸೀರೆಗಳ ನಡುವೆ ಉಳಿಯಿತು. ಪ್ರತಿ ಬೇಸಿಗೆಗೂ ಅದೇ ಸೀರೆಗಳನ್ನು ಚೀಲಕ್ಕೆ ತುಂಬಿಕೊಂಡು ಅವಳು ಆ ವಿಳಾಸಕ್ಕೇ ಹೋಗಿ ಬರುತ್ತಿದ್ದಳು.

*

ಮಠದ ಅಯ್ಯನವರು ಬಂದರು. ಮುಪ್ಪಿನವರು, ಮೆಲುಮಾತಿನವರು. ಅಂಗಳದಲ್ಲಿ ಧೋತರ ಅಡ್ಡ ಹಿಡಿದು ಚಂದ್ರಾಮಪ್ಪನಿಗೆ ಜಳಕ ಮಾಡಿಸಿದರು. ಹಣೆಗೆ, ಎದೆಗೆ, ತೋಳಿಗೆ ವಿಭೂತಿ ಬಳಿದು ಮತ್ತೆ ಕೂಡಿಸಿದರು.

“ನೀರು ನಾ ಎರಿತೇನ್ರಿ ಅಪ್ಪಾರ,” ಎಂದು ಗುರುಬಾಯಿ ತಂಬಿಗೆ ಹಿಡಿದು ಗಂಡನಿಗೆ ಆತು ಕೂತಳು. ಬೇರೆಯವರ ಕಣ್ಣಿಗೆ ಬೀಳುವ ಮೊದಲು ತನ್ನ ಕಣ್ಣಿಗೆ ಬೀಳಲಿ ಎಂಬುದೊಂದೇ ಅವಳ ಆಸೆ.

ಅಯ್ಯನವರು ಕರಡಿಗೆಯ ಮುಚ್ಚಳ ಎತ್ತಿದರು. ಅವಳು ಬಾಗಿದಳು.

ಫೋಟೋ ಇರಲಿಲ್ಲ. ಉಂಗುರವಿರಲಿಲ್ಲ, ಚೀಟಿ ಇರಲಿಲ್ಲ. ಅರಳೆಯ ಮೇಲೆ ಕರಿಯ ಲಿಂಗ ಒಂದೇ. ಗುರುಬಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು. ಮತ್ತೆ ನೋಡಿದಾಗ ಅಯ್ಯನವರ ಕೈ ನಿಂತಿತ್ತು. ಅವರು ಅದನ್ನು ಬೆರಳ ತುದಿಯಲ್ಲಿ ಹೊರಳಿಸುತ್ತಿದ್ದರು. ಲಿಂಗಕ್ಕೆ ಇರುವ ದುಂಡಗಿನ ನಯ ಅದಕ್ಕಿರಲಿಲ್ಲ. ಒಂದು ಮಗ್ಗುಲು ಚಪ್ಪಟೆ. ನಡುವೆ ಕೂದಲೆಳೆಯಷ್ಟು ಬಿಳಿಯ ಗೆರೆ.

ಬರಿಯ ಕಲ್ಲು. ನೀರಿನಲ್ಲಿ ಉರುಳಿ ಉರುಳಿ ನುಣ್ಣಗಾದ ಕಲ್ಲು. ಅಂಥವನ್ನು ಗುರುಬಾಯಿ ಎಷ್ಟೋ ಬೇಸಿಗೆ ತುಳಿದಾಡಿದ್ದಳು.

ಅವಳಿಗೆ ಆ ಮೊದಲ ವರ್ಷದ ಮುಂಜಾನೆ ನೆನಪಾಯಿತು. ಅಲೆ ಹೊಡೆದದ್ದು ಅವನಿಗಲ್ಲ, ಕರಡಿಗೆಗೆ. ಮುಚ್ಚಳ ಬಿಚ್ಚಿ ಲಿಂಗ ನೀರುಪಾಲಾಗಿತ್ತು. ಆ ಡಬ್ಬಿಯಲ್ಲಿದ್ದದ್ದು ಕರಿಯ ಕಲ್ಲುಗಳು. ಆಕೆ ವರ್ಷವಿಡೀ ದಂಡೆಯಲ್ಲಿ ಕಂಡ ಒಂದೊಂದನ್ನೂ ಆರಿಸಿ ಇಟ್ಟಿರುತ್ತಿದ್ದಳು. ಇವನು ಬೇಸಿಗೆಯಲ್ಲಿ ಫ್ರೀ ಪಾಸು ಹಿಡಿದು ಹೋಗಿ, ಇದೋ ಇದೋ ಎಂದು ಬೆಳಕಿಗೆ ಹಿಡಿದು ನೋಡುತ್ತಿದ್ದ. ಗುರು ಕಟ್ಟಿದ ಲಿಂಗವನ್ನು ಸಮುದ್ರ ಎಂದಾದರೊಂದು ದಿನ ತಿರುಗಿ ಕೊಡುತ್ತದೆಂದು ನಂಬಿದ್ದ. ಕೊಡುವವರೆಗೆ ಈ ಕಲ್ಲಿಗೆ ನೀರೆರೆಯುತ್ತಿದ್ದ, ಗೋಡೆಗೆ ಮುಖ ಮಾಡಿ.

“ಏನಾತ್ರಿ ಅಪ್ಪಾರ? ಯಾಕ ತಡಾ?” ವಿಶ್ವಾರಾಧ್ಯ ಕುರ್ಚಿಯಿಂದ ಕತ್ತು ಚಾಚಿದ.

ಇಜೇರಿಯಲ್ಲಿ ಅವರ ಕಾಕನ ಮಗನೊಬ್ಬ ಬಾವಿಯಲ್ಲಿ ಈಜುವಾಗ ಲಿಂಗ ಕಳೆದುಕೊಂಡಿದ್ದ. ಲಿಂಗ ಹೋದ ಮೇಲೆ ಪ್ರಾಣ ಯಾಕಿಟ್ಟುಕೊಂಡ ಎಂದು ಕೇಳಿ, ಅವನು ಸಾಯುವವರೆಗೂ ಪಂಕ್ತಿಯಲ್ಲಿ ಕೂಡಗೊಡದವನು ಇದೇ ವಿಶ್ವಾರಾಧ್ಯ.

“ಯವ್ವಾ,” ಅಯ್ಯನವರು ತುಟಿ ಅಲ್ಲಾಡದ ಹಾಗೆ ಅಂದರು, “ಇದು ಲಿಂಗ ಅಲ್ಲ.”

“ಗೊತ್ತಾತ್ರಿ.”

“ನನಗ ಬಂದು ಒಂದ ಮಾತ ಅಂದಿದ್ರ ಮರುದಿವಸ ಮತ್ತೊಂದ ಕಟ್ಟತಿದ್ದೆ. ಈಗೂ ಮಠದಾಗ ಅದಾವ. ತರಸಲೇನು?”

ಗುರುಬಾಯಿ ಗಂಡನ ಮುಖ ನೋಡಿದಳು. ಅವಳಿಗೆ ಮೊದಲು ಬಂದದ್ದು ಸಿಟ್ಟು. ಇಪ್ಪತ್ತು ವರ್ಷ ಪಕ್ಕದಲ್ಲಿ ಮಲಗಿದವಳಿಗೆ ಒಂದು ಮಾತು ಹೇಳಬಾರದಾಗಿತ್ತೇ? ತಾನೂ ಒಂದು ಮಾತು ಕೇಳಲಿಲ್ಲ ಎಂಬುದು ಅದರ ಬೆನ್ನಿಗೇ ಬಂತು.

“ಬ್ಯಾಡ್ರಿ. ಇಷ್ಟು ವರ್ಷ ಇದಕ್ಕೇ ನೀರು ಎರದಾರ. ಇದನ್ನೇ ಇಡ್ರಿ.”

“ಏನ್ ಗುಸುಗುಸು?” ವಿಶ್ವಾರಾಧ್ಯ ಎದ್ದು ನಿಂತ. “ಕರಡಗ್ಯಾಗ ಏನದ? ಬೆಳಗ್ಗಿನಿಂದ ಈಕಿ ಅದರ ಮ್ಯಾಲೇ ಕಣ್ಣಿಟ್ಟಾಳ. ತೋರಸ್ರಿ.”

ಗುರುಬಾಯಿ ತಿರುಗಿ ಮೈದುಂಬ ಸೆರಗು ಹೊದ್ದು ಭಾವನ ಕಣ್ಣಲ್ಲಿ ಕಣ್ಣಿಟ್ಟಳು. ಮದುವೆಯಾಗಿ ಬಂದ ಮೇಲೆ ಹಾಗೆ ನೋಡಿದ್ದು ಅದೇ ಮೊದಲು.

“ನಿಮ್ಮ ತಮ್ಮಂದ ಲಿಂಗ ಅದರಿ ಭಾವಾರ. ಸಂಶಯ ಇದ್ದರ ಬರ್ರಿ, ಕೈಯಾಗ ಹಿಡದು ನೋಡ್ರಿ.”

ಒಬ್ಬರ ಇಷ್ಟಲಿಂಗವನ್ನು ಗುರುವಿನ ಹೊರತು ಮತ್ತೊಬ್ಬರು ಮುಟ್ಟಬಾರದು. ವಿಶ್ವಾರಾಧ್ಯ ಹಿಡಿದು ಬೆಳೆದ ನೇಮ ಅದು. ಅವನ ಕೈ ಅರ್ಧಕ್ಕೆ ಬಂದು ನಿಂತಿತು. ಅಯ್ಯನವರ ಕಡೆ ನೋಡಿದ. ಅವರು ಕಣ್ಣು ಮುಚ್ಚಿ ಮಂತ್ರ ಹಿಡಿದಿದ್ದರು. ವಿಶ್ವಾರಾಧ್ಯ ಹೆಗಲ ಮೇಲಿನ ಟವೆಲು ಕೊಡವಿ ಕೂತ.

ಚಂದ್ರಾಮಪ್ಪನ ಎಡ ಅಂಗೈಯಲ್ಲಿ ಅಯ್ಯನವರು ಕಲ್ಲು ಇಟ್ಟರು. ಗುರುಬಾಯಿ ತಂಬಿಗೆ ಬಾಗಿಸಿದಳು. ನೀರು ಬಿಳಿಯ ಗೆರೆಯ ಮೇಲೆ ಹರಿದು, ಅವನ ಬೆರಳ ಸಂದಿಯಿಂದ ಸೋರಿ, ಅವಳ ಮಡಿಲಿಗೆ ಬಿತ್ತು.

*

ಕುಣಿಯಲ್ಲಿ ಕೂಡಿಸಿ, ವಿಭೂತಿ ಗಟ್ಟಿ, ಪತ್ರಿ ಇಟ್ಟು, ಸುತ್ತಲೂ ಉಪ್ಪು ಸುರಿದರು. ಕುತ್ತಿಗೆಯವರೆಗೆ ಉಪ್ಪಿನಲ್ಲಿ ಕೂತವನನ್ನು ನೋಡಿ ಗುರುಬಾಯಿಗೆ ಅಲೆಗೆ ಬೆನ್ನು ಕೊಟ್ಟು ಕೂಡುತ್ತಿದ್ದ ಗಂಡನೇ ಕಂಡ. ಮಣ್ಣು ಬಿದ್ದಾಗ ಅತ್ತಳು. ಬೆಳಗಿನಿಂದ ಅತ್ತಿರಲಿಲ್ಲ.

ಮನೆಗೆ ಬಂದು ಜಳಕ ಮಾಡಿ, ಒದ್ದೆ ಕೂದಲಲ್ಲೇ ಟ್ರಂಕು ತೆಗೆದು ಲಕೋಟೆ ಹುಡುಕಿದಳು. ಅಂಚು ಹಳದಿಗಟ್ಟಿತ್ತು. ವಜೀರುನ್ನಿಸಾ ಮೊಮ್ಮಗಳ ಪೆನ್ನು ತಂದುಕೊಟ್ಟಳು. ಈ ಸಲ ಹರಿಯಬೇಕಾಗಲಿಲ್ಲ.

‘ಜಸ್ಮೀನಬಾಯಿಗೆ. ಇವತ್ತು ನಸುಕಿನಲ್ಲಿ ಇವರು ಹೋದರು. ಸಂಕಟ ಪಡಲಿಲ್ಲ. ಇನ್ನು ಮೇಲೆ ನೀವು ಕಲ್ಲು ಆರಿಸಬೇಡಿರಿ. ಬೇಸಿಗೆಗೆ ನಾನು ಬರುತ್ತೇನೆ. ಗುರುಬಾಯಿ.’

“ಒಬ್ಬರೇ ಹೋಗ್ತೀರೇನು ಅಷ್ಟು ದೂರ?” ವಜೀರುನ್ನಿಸಾ ಕೇಳಿದಳು.

“ಹೆಣ್ಣಮಕ್ಕಳಿಗೆಲ್ಲ ಈಗ ಬಸ್ ಪುಕ್ಕಟೆ ಅದಲ್ಲ. ನೀನೂ ಬಾ.”

“ನನಗ ಘಟ್ಟದಾಗ ವಾಂತಿ ಆಗ್ತದವಾ.”

“ಆಗಲಿ. ಲಿಂಬಿಹಣ್ಣು ನಾ ಹಿಡೀತೇನಿ.”

ವಿದ್ಯಾವತಿ ಬಾಗಿಲಲ್ಲಿ ನಿಂತು, “ಇಂಥಾ ದಿನ ಯಾರಿಗಿ ವೈನಿ ಕಾಗದ?” ಎಂದಳು.

“ನಿಮ್ಮಣ್ಣಗ ಅನ್ನ ಹಾಕಿದಾಕಿಗೆ,” ಎಂದು ಗುರುಬಾಯಿ ನಾಲಿಗೆಯಿಂದ ಲಕೋಟೆ ಅಂಟಿಸಿ ಹೊರಗೆ ಬಂದಳು.

ಮನೆ ಹೆದ್ದಾರಿಗೆ ಹತ್ತಿಯೇ ಇತ್ತು. ಹುಬ್ಬಳ್ಳಿ ಗಾಡಿ ಬಂದಾಗ ಬಾಗಿಲಲ್ಲಿ ನಿಂತಿದ್ದ ಮಲ್ಕಪ್ಪ ಅವಳನ್ನು ಕಂಡು ಸೀಟಿ ಊದಿ ನಿಲ್ಲಿಸಿದ.

“ಹುಬ್ಬಳ್ಳ್ಯಾಗ ಕಾರವಾರದ ಗಾಡಿಯವರ ಕೈಯಾಗ ಕೊಡಪ್ಪ. ಅಂಕೋಲಿ ದಾಟಿದ ಮ್ಯಾಲ ರಸ್ತಾದ ಮ್ಯಾಲೇ ಮನಿ.”

“ಅಂಚಿಗಿ ಹಾಕಿದ್ರ ಆಗಂಗಿಲ್ಲೇನ್ರಿ ಅಕ್ಕಾರ?”

“ಬಾಳ ತಡಾ ಆಗ್ಯಾದ.”

ಅವನು ಕೈ ಚಾಚಿ ಇಸಿದುಕೊಂಡ. ಲಕೋಟೆಯನ್ನು ಖಾಕಿ ಅಂಗಿಯ ಎದೆಯ ಕಿಸೆಗೆ ಹಾಕಿ, ಗುಂಡಿ ಇಕ್ಕಿ, ಮೇಲಿನಿಂದ ಒಮ್ಮೆ ಮುಟ್ಟಿ ನೋಡಿಕೊಂಡ. ಬಾಗಿಲು ಎಳೆದು ಹಾಕಿ, ಮುಂದೆ ನೋಡಿ, “ರೈಟ್,” ಎಂದ.